ಶರೀಫರ ಪದಗಳ ಸೆಳೆತ: ಧ್ವನಿಸುರುಳಿಯಿಂದ ರಾಕ್ ಸಂಗೀತದವರೆಗೆ

ಹಾಡೊಂದು ಒಮ್ಮೆ ಕಿವಿಗೆ ಬಿದ್ದು, ಕರೆಯದೆಯೇ ಮನದೊಳಗೆ ಹೊಕ್ಕು, ದಿನವಿಡೀ ಹೊರಡದೆ ಕುಳಿತುಬಿಡುವ ಅನುಭವ ನಮ್ಮಲ್ಲಿ ಯಾರಿಗಾಗಿಲ್ಲ? ರೊಟ್ಟಿ ಬಡಿಯುತ್ತಿರುವ ತಾಯಿಯ ತುಟಿಯಲ್ಲಿ ಅದು ಆಡುತ್ತದೆ. ಹೊಲಕ್ಕೆ ಹೊರಟ ರೈತನ ಹೆಜ್ಜೆಗೆ ಅದು ತಾಳವಾಗುತ್ತದೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಕುಳಿತವನನ್ನೂ ಅದು ಬಿಡುವುದಿಲ್ಲ. ಇಂತಹ ಹಾಡನ್ನು ಇಂದಿನ ತರುಣರು ‘ಕ್ಯಾಚಿ’ ಎನ್ನುತ್ತಾರೆ. ನಮ್ಮ ಹಳಿಯಾಳ, ಮುಂಡಗೋಡದ ಕಡೆಯ ಹಿರಿಯರು ‘ಬಾಯಿಗೆ ಹತ್ತಿದ ಪದ’ ಎನ್ನುತ್ತಿದ್ದರು. ಮಾತು ಬೇರೆಯಾದರೂ ಅನುಭವ ಒಂದೇ.

ಈ ಸೆಳೆತವು ಒಳ್ಳೆಯದೋ ಕೆಟ್ಟದ್ದೋ? ತತ್ತ್ವಪದವೊಂದು ಹೀಗೆ ಬಾಯಿಗೆ ಹತ್ತಿದಾಗ ಉಳಿಯುವುದು ತತ್ತ್ವವೋ ಅಥವಾ ಬರಿಯ ಮಟ್ಟೋ? ಈ ಪ್ರಶ್ನೆಗೆ ನಾನು ಒಂದು ಕಾಲದಲ್ಲಿ ಒಂದು ಉತ್ತರವನ್ನೂ, ಇನ್ನೊಂದು ಕಾಲದಲ್ಲಿ ಅದಕ್ಕೆ ತೀರ ವಿರುದ್ಧವಾದ ಉತ್ತರವನ್ನೂ ಕೊಟ್ಟವನು. ಎರಡನೆಯ ಉತ್ತರಕ್ಕೆ ನಮ್ಮ ಮನೆಯೇ ಬೆಲೆ ತೆತ್ತಿತು. ಅದನ್ನು ಸದ್ಭಕ್ತರಾದ ವಾಚಕರ ಮುಂದೆ ಮರೆಮಾಚದೆ ನಿವೇದಿಸಬೇಕೆಂಬುದೇ ಈ ಲೇಖನದ ಉದ್ದೇಶ.

ದಿಬ್ಬಣದ ಟೆಂಪೊದಲ್ಲಿ

1991ರ ವೈಶಾಖ ಮಾಸ. ಮುಂಡಗೋಡದಿಂದ ತಡಸ, ಕಲಘಟಗಿಗಳ ಮಾರ್ಗವಾಗಿ ಹಳಿಯಾಳಕ್ಕೆ ಹೊರಟಿದ್ದ ಮದುವೆಯ ದಿಬ್ಬಣದ ಟೆಂಪೊದಲ್ಲಿ ನಾನೂ ಒಬ್ಬನಾಗಿದ್ದೆ. ಮಠದಲ್ಲಿ ಹನ್ನೆರಡು ವರ್ಷ ಸಂಸ್ಕೃತವನ್ನೂ ಶರಣಸಾಹಿತ್ಯವನ್ನೂ ಓದಿ ಹೊರಬಂದು ಕೆಲವು ವರ್ಷಗಳಾಗಿದ್ದವು. ಚಾಲಕನು ದಾರಿಯುದ್ದಕ್ಕೂ ಚಲನಚಿತ್ರದ ಪ್ರಣಯಗೀತೆಗಳನ್ನು ಹಾಕುತ್ತಿದ್ದ. ಹುಡುಗರು ಕುಣಿಯುತ್ತಿದ್ದರು, ಹಿರಿಯರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕಲಘಟಗಿ ದಾಟಿದ ಮೇಲೆ ಆತ ಧ್ವನಿಸುರುಳಿಯನ್ನು ಬದಲಿಸಿದ. ತುಂಬುಕಂಠದ, ತೆರೆದ ದನಿಯೊಂದು ಸೋರುವ ಮಾಳಿಗೆಯ ಪದವನ್ನು ಎತ್ತಿಕೊಂಡಿತು.

ಟೆಂಪೊ ಒಂದು ಕ್ಷಣ ಸ್ತಬ್ಧವಾಯಿತು. ಪಲ್ಲವಿ ಎರಡನೆಯ ಸಲ ಬರುವಷ್ಟರಲ್ಲಿ ಕುಣಿಯುತ್ತಿದ್ದ ಹುಡುಗರೂ ಕಿಟಕಿಗೆ ಒರಗಿದ್ದ ಹಿರಿಯರೂ ಒಂದೇ ಕೊರಳಾಗಿದ್ದರು. ಮದುಮಗಳ ಅಜ್ಜಿ ಚಪ್ಪಾಳೆ ತಟ್ಟುತ್ತ, ಹಾಡಿನ ಮುಂದಿನ ನುಡಿಯನ್ನು ಧ್ವನಿಸುರುಳಿಗಿಂತ ಒಂದು ಹೆಜ್ಜೆ ಮೊದಲೇ ಹೇಳುತ್ತಿದ್ದಳು. ಆಕೆಗೆ ಅದು ಹೊಸ ಹಾಡಾಗಿರಲಿಲ್ಲ. ಹುಡುಗರಿಗೆ ಅದು ಹಳೆಯ ಹಾಡಾಗಿರಲಿಲ್ಲ.

ಆ ಧ್ವನಿ ಸಿ. ಅಶ್ವಥ್ ಅವರದು. ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಲನಚಿತ್ರವು 1990ರಲ್ಲಿ ತೆರೆಗೆ ಬಂದಿತು. ಶ್ರೀಧರ್ ಅವರು ಶರೀಫರಾಗಿಯೂ ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿಯೂ ಅಭಿನಯಿಸಿದ್ದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿಯು ಲಭಿಸಿತು. ಸಂಗೀತ ಅಶ್ವಥ್ ಅವರದು. ಅವರೊಡನೆ ಶಿವಮೊಗ್ಗ ಸುಬ್ಬಣ್ಣನವರ ಕಂಠವೂ ಇತ್ತು. ಚಿತ್ರವನ್ನು ನೋಡದವರ ಮನೆಗೂ ಅದರ ಹಾಡುಗಳು ತಲುಪಿದವು. ಅದುವರೆಗೆ ಗ್ರಾಮಫೋನು ಶ್ರೀಮಂತರ ಪಡಸಾಲೆಯ ವಸ್ತು. ಧ್ವನಿಸುರುಳಿಯಾದರೋ ಅಂಗಿಯ ಜೇಬಿನಲ್ಲಿ ಹಿಡಿಯುವಂತಹುದು. ಒಂದರಿಂದ ಇನ್ನೊಂದಕ್ಕೆ ಮನೆಯಲ್ಲೇ ನಕಲು ಮಾಡಿಕೊಳ್ಳಬಹುದಾದದ್ದು. ಸುರುಳಿ ಸಡಿಲಾದರೆ ಪೆನ್ಸಿಲ್ ತೂರಿಸಿ ಸುತ್ತಿ ಸರಿಪಡಿಸಬಹುದಾದದ್ದು. ಹೀಗಾಗಿ ದಾಂಡೇಲಿಯ ಕಾರ್ಮಿಕರ ವಸತಿಗಳಲ್ಲಿ, ಹಳಿಯಾಳದ ಚಹದ ಅಂಗಡಿಗಳಲ್ಲಿ, ಜೋಯಿಡಾದ ಕಾಡಿನ ಅಂಚಿನ ಮನೆಗಳಲ್ಲಿ ಶರೀಫರ ಪದಗಳು ಒಂದೆರಡು ವರ್ಷಗಳಲ್ಲಿಯೇ ಮೊಳಗತೊಡಗಿದವು. ಗಣೇಶ ಚವತಿಯ ಮಂಟಪದಲ್ಲಿ ಧ್ವನಿವರ್ಧಕಕ್ಕೆ ಮೊದಲು ಹಾಕುವ ಸುರುಳಿಯೇ ಅದಾಯಿತು.

ಇದರಲ್ಲೊಂದು ಸೋಜಿಗವಿದೆ. ಶರೀಫರು (1819–1889) ನಮ್ಮ ನೆರೆಯವರು. ಅವರ ಶಿಶುನಾಳವು ಮುಂಡಗೋಡ ತಾಲೂಕಿಗೆ ಹೊಂದಿಕೊಂಡಿರುವ ಶಿಗ್ಗಾವಿ ತಾಲೂಕಿನಲ್ಲಿದೆ. ಮುಲ್ಕಿ ಪರೀಕ್ಷೆ ಮುಗಿಸಿ ಕನ್ನಡ ಶಾಲೆಯ ಮಾಸ್ತರರಾಗಿದ್ದು, ಕಳಸದ ಗೋವಿಂದಭಟ್ಟರ ಶಿಷ್ಯರಾಗಿ, ಜಾತಿಯ ಗೋಡೆಯನ್ನು ದಾಟಿದ ಮಹಾನುಭಾವರು ಅವರು. ಅವರ ಪದಗಳು ನಮ್ಮ ಭಾಗದ ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿಗಳೊಡನೆ ಆಗಲೇ ನೂರು ವರ್ಷ ಬಾಳಿದ್ದವು. ಆದರೂ ನಮ್ಮ ಹಿತ್ತಲಿನ ಆ ಗಿಡದ ಹೂವು ಬೆಂಗಳೂರಿಗೆ ಹೋಗಿ, ಸುರುಳಿಯಾಗಿ ಸುತ್ತಿಕೊಂಡು ಮರಳಿ ಬಂದಾಗಲೇ ನಮ್ಮ ತರುಣರು ಅದನ್ನು ಮೂಸಿ ನೋಡಿದರು.

ಬಾಯಿಗೆ ಹತ್ತುವುದೇಕೆ?

ಒಂದು ಹಾಡು ಸೆಳೆಯುವುದಕ್ಕೂ ಇನ್ನೊಂದು ಸೆಳೆಯದಿರುವುದಕ್ಕೂ ಕಾರಣಗಳುಂಟು. ಅವುಗಳನ್ನು ವಿಚಾರಿಸಿ ನೋಡುವುದು ವ್ಯರ್ಥವಲ್ಲ.

ಮೊದಲನೆಯದಾಗಿ, ಪದದ ಕಟ್ಟಡ. ತತ್ತ್ವಪದವು ಓದುವುದಕ್ಕೆ ಹುಟ್ಟಿದ್ದಲ್ಲ. ಗುಂಪಿನಲ್ಲಿ ಹಾಡುವುದಕ್ಕೆ ಹುಟ್ಟಿದ್ದು. ಒಬ್ಬನು ನುಡಿಯನ್ನು ಹೇಳುತ್ತಾನೆ. ಉಳಿದವರು ಪಲ್ಲವಿಯನ್ನು ಹಿಡಿಯುತ್ತಾರೆ. ನುಡಿ ಪ್ರತಿಸಲ ಬದಲಾಗುತ್ತದೆ, ಪಲ್ಲವಿ ಬದಲಾಗುವುದಿಲ್ಲ. ಹೊಸದನ್ನು ಕೇಳುವ ಕುತೂಹಲವೂ ತಿಳಿದದ್ದಕ್ಕೆ ಮರಳುವ ನೆಮ್ಮದಿಯೂ ಒಂದೇ ಹಾಡಿನಲ್ಲಿ ದೊರೆಯುತ್ತವೆ. ಅಶ್ವಥ್ ಅವರು ಪಲ್ಲವಿಗೆ ಸಮೂಹಗಾನವನ್ನು ಇರಿಸಿದಾಗ ಭಜನೆಯ ಹಿಮ್ಮೇಳವೇ ಹೊಸ ವೇಷದಲ್ಲಿ ಬಂದಂತಾಯಿತು.

ಎರಡನೆಯದಾಗಿ, ಪ್ರಾಸ. ಶರೀಫರ ಪದಗಳಲ್ಲಿ ಅಕ್ಷರಗಳು ಒಂದನ್ನೊಂದು ಕೈ ಹಿಡಿದು ಎಳೆಯುತ್ತವೆ. ಒಂದು ಸಾಲು ನೆನಪಾದರೆ ಮುಂದಿನ ಸಾಲು ತಾನಾಗಿಯೇ ಹಿಂಬಾಲಿಸುತ್ತದೆ. ಅಕ್ಷರ ಬಾರದವರ ನಡುವೆ ಹಾಡು ಬಾಳಬೇಕಾದರೆ ಅದಕ್ಕೆ ಪ್ರಾಸವೇ ಪುಸ್ತಕ.

ಮೂರನೆಯದು, ಬೆಡಗು. ಸಣ್ಣದು ದೊಡ್ಡದನ್ನು ನುಂಗುವ, ಲೋಕವೇ ತಲೆಕೆಳಗಾದಂತಿರುವ ಕೋಡಗ ಮತ್ತು ಕೋಳಿಯ ಪದವನ್ನು ಕೇಳಿದ ಮಗುವು ನಗುತ್ತದೆ. ಅದೇ ಪದದ ಮುಂದೆ ಪಂಡಿತನು ತಲೆ ಕೆರೆದುಕೊಳ್ಳುತ್ತಾನೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ಬಲ್ಲ ನಮಗೆ ಈ ಜಾಡು ಹೊಸದಲ್ಲ. ಅರ್ಥವು ಕೂಡಲೆ ಬಿಚ್ಚಿಕೊಳ್ಳದ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ನಿಲ್ಲುತ್ತದೆ, ತೆಗೆಯುವವರೆಗೆ ಬಿಡುವುದಿಲ್ಲ.

ನಾಲ್ಕನೆಯದು, ನಮ್ಮ ಭಾಗದವರು ಮಾತ್ರ ಬಲ್ಲ ಸುಖ. ಆಕಾಶವಾಣಿಯಲ್ಲಿ, ಚಲನಚಿತ್ರದಲ್ಲಿ, ಪಠ್ಯಪುಸ್ತಕದಲ್ಲಿ ನಾವು ಕೇಳುತ್ತಿದ್ದುದು ಬೇರೆಯ ಕನ್ನಡ. ನಮ್ಮ ಅಡಿಗೆಮನೆಯ, ಕಟ್ಟೆಯ ಕನ್ನಡವನ್ನು ಕೇಳಿ ಪೇಟೆಯವರು ನಗುತ್ತಿದ್ದ ಕಾಲವದು. ಆ ಮಾತೇ ವಾದ್ಯವೃಂದದ ನಡುವೆ ತಲೆಯೆತ್ತಿ ಹಾಡಿದಾಗ ದಿಬ್ಬಣದ ಅಜ್ಜಿಯ ಕಣ್ಣಿನಲ್ಲಿ ನೀರಾಡಿದ್ದನ್ನು ನಾನು ಕಂಡೆ.

ದಾಂಡೇಲಿಯಂತಹ ಊರಿನಲ್ಲಿ ಈ ಸೆಳೆತಕ್ಕೆ ಇನ್ನೊಂದು ಮುಖವೂ ಇತ್ತು. 1955ರಲ್ಲಿ ಸ್ಥಾಪನೆಗೊಂಡ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ನಿಮಿತ್ತವಾಗಿ ಬೆಳೆದ ಊರು ಅದು. ಕನ್ನಡ, ಮರಾಠಿ, ಕೊಂಕಣಿ, ಉರ್ದು, ಹಿಂದಿ ಎಲ್ಲವೂ ಅಲ್ಲಿನ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗುರುವಿನ ಕೈ ಹಿಡಿದು, ಶರಣರ ಬೆಡಗಿನಲ್ಲಿ ಮಾತನಾಡಿದ ಶರೀಫರ ಪದಕ್ಕೆ ಅಲ್ಲಿ ಯಾವ ಬಾಗಿಲೂ ಮುಚ್ಚಿರಲಿಲ್ಲ.

ಶಾಸ್ತ್ರಿಗಳ ಪ್ರಶ್ನೆ

ಮದುವೆ ಮುಗಿಸಿಕೊಂಡು ಮರಳಿದವನೇ ನಾನು ಮಠದಲ್ಲಿದ್ದ ನಮ್ಮ ವಿದ್ಯಾಗುರುಗಳಾದ ಹಿರಿಯ ಶಾಸ್ತ್ರಿಗಳ ಬಳಿಗೆ ಹೋಗಿ, ಟೆಂಪೊದಲ್ಲಿ ಕಂಡದ್ದನ್ನು ಉತ್ಸಾಹದಿಂದ ಅರುಹಿದೆ. ತತ್ತ್ವಪದಗಳಿಗೆ ಮತ್ತೆ ಒಳ್ಳೆಯ ಕಾಲ ಬಂತೆಂದು ಸಾರಿದೆ. ಅವರು ವಿಭೂತಿಯ ಗಟ್ಟಿಯನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮಾ, ಡಬ್ಬಿ ಹಾಡತೈತಿ, ಮಂದಿ ಕೇಳತಾರ. ಹಾಡಾವರು ಯಾರು?” ಎಂದರು.

ನಾನು ವಾದಕ್ಕೆ ನಿಂತೆ. ನಮ್ಮ ಪರಂಪರೆಯು ಸಂಗೀತವನ್ನು ಎಂದೂ ದೂರವಿಟ್ಟಿಲ್ಲವೆಂದೆ. ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿಯೂ ಸರ್ಪಭೂಷಣ ಶಿವಯೋಗಿಗಳ ಕೈವಲ್ಯ ಕಲ್ಪವಲ್ಲರಿಯೂ ಹಾಡುಗಳೇ ಅಲ್ಲವೆ ಎಂದು ಕೇಳಿದೆ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳೇ ಅಂಧ ಬಾಲಕನಾಗಿದ್ದ ಪಂಚಾಕ್ಷರಿ ಗವಾಯಿಗಳಿಗೆ ಸಂಗೀತದ ದಾರಿ ತೋರಿಸಲಿಲ್ಲವೆ, ಮಲ್ಲಿಕಾರ್ಜುನ ಮನಸೂರರು ಹಿಂದೂಸ್ತಾನಿ ರಾಗಗಳಲ್ಲಿ ವಚನಗಳನ್ನು ಹಾಡಿದಾಗ ನಾಡೇ ಕಿವಿಗೊಡಲಿಲ್ಲವೆ ಎಂದೆ.

ಶಾಸ್ತ್ರಿಗಳು ಎಲ್ಲವನ್ನೂ ಒಪ್ಪಿದರು. ಅವರ ಆಕ್ಷೇಪ ಸಂಗೀತದ ಮೇಲೆ ಆಗಿರಲೇ ಇಲ್ಲ. ಅವರ ಬಾಲ್ಯದಲ್ಲಿ ಪ್ರತಿಯೊಂದು ಊರಿಗೆ ಒಂದೆರಡು ಭಜನಾ ಮೇಳಗಳಿದ್ದವಂತೆ. ಸೋಮವಾರ ರಾತ್ರಿ ಗುಡಿಯಲ್ಲಿ ಕುಳಿತರೆ ಕಂಠ ಚೆನ್ನಾಗಿಲ್ಲದವನೂ ಹಾಡಲೇಬೇಕಿತ್ತು. ತಾಳ ತಪ್ಪಿದರೆ ಪಕ್ಕದವನು ಮೊಣಕೈಯಿಂದ ತಿವಿಯುತ್ತಿದ್ದನು. ಪದ ಹೀಗೆ ಮೈಗೆ ಹತ್ತುತ್ತಿತ್ತು. ಈಗ ಅಶ್ವಥ್ ಅವರಂತಹ ಸಮರ್ಥರು ಹಾಡುವಾಗ ಹಳ್ಳಿಯ ಸಾಮಾನ್ಯನು ನಾಚಿಕೊಂಡು ಬಾಯಿ ಮುಚ್ಚುವನೆಂಬ ಭಯ ಅವರದು. “ದಮ್ಮಡಿ ಗ್ವಾಡಿಗೆ ನೇತಬಿತ್ತಂದ್ರ ಮತ್ತ ಕೆಳಗ ಇಳಿಯೂದಿಲ್ಲ” ಎಂದು ಮಾತು ಮುಗಿಸಿದರು.

ಹೊಸತನ್ನು ಒಪ್ಪಲಾರದ ಹಳೆಯ ಜೀವದ ಕೊರಗು ಇದೆಂದು ನಾನು ಮನಸ್ಸಿನಲ್ಲೇ ನಕ್ಕೆ. ಅವರು ಲಿಂಗೈಕ್ಯರಾದ ಬಳಿಕ ಆ ಪ್ರಶ್ನೆಯನ್ನು ಮರೆತೂಬಿಟ್ಟೆ.

ಗಿಟಾರ್ ಬಂದಾಗ

ಕಾಲಚಕ್ರ ಉರುಳಿತು. 2009ರ ದೀಪಾವಳಿಗೆ ದಾಂಡೇಲಿಯ ನನ್ನ ತಮ್ಮನ ಮನೆಗೆ ಹೋಗಿದ್ದೆ. ಅವನ ಮಗ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವನು ರಜೆಗೆ ಬಂದಿದ್ದ. ಒಳಕೋಣೆಯಿಂದ ಗಿಟಾರ್, ಪಿಟೀಲು, ಡ್ರಮ್ಮುಗಳ ಅಬ್ಬರವೂ, ಅದರ ನಡುವೆ ಶರೀಫರ ಗುಡುಗುಡಿಯ ಪದವೂ ಕೇಳಿಬಂದವು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಎಂಬ ಗಾಯಕರ ತಂಡ 2008ರಲ್ಲಿ ಹೊರತಂದ ಸಂಗೀತ ಸಂಪುಟವದು.

ಆ ಪದದ ತಾತ್ಪರ್ಯ ನಮಗೆಲ್ಲ ತಿಳಿದದ್ದೇ. ಅಲ್ಲಿ ಮನಸ್ಸೇ ಸಂಚಿ, ಮೋಹವೇ ಗಾಂಜಿ, ಬುದ್ಧಿಯೇ ಬೆಂಕಿ. ಮೋಹವನ್ನು ಕೊಚ್ಚಿ ಸುಟ್ಟು ಒಳಗಿನ ರೋಗವನ್ನು ಕಳೆದುಕೊಳ್ಳುವ ಸಾಧನೆಯನ್ನು ಶರೀಫರು ಸೇದುವವನ ಭಾಷೆಯಲ್ಲೇ ಹೇಳಿದ್ದಾರೆ. ಆದರೆ ಆ ಅಬ್ಬರವನ್ನು ಕೇಳಿದ ನನಗೆ, ಈ ಹುಡುಗರು ಹೊಗೆಯನ್ನಷ್ಟೇ ಹಿಡಿದುಕೊಂಡು ತತ್ತ್ವವನ್ನು ಬಿಟ್ಟರೆಂದು ತೋರಿತು. ಬಾಗಿಲಲ್ಲಿ ನಿಂತು, “ಶರಣರ ಪದಕ್ಕೆ ಈ ಗತಿ ತಂದಿರಾ? ಅರ್ಥ ಗೊತ್ತಿಲ್ಲದ ಬಾಯಲ್ಲಿ ಇದು ಬರಬಾರದು” ಎಂದು ಗದರಿದೆ. ಮನೆತುಂಬ ನೆಂಟರಿದ್ದರು. ಹುಡುಗ ತಲೆ ತಗ್ಗಿಸಿ ಅದನ್ನು ನಿಲ್ಲಿಸಿದ. ಅಂದಿನಿಂದ ನಾನು ಬಂದೆನೆಂದರೆ ಅವನು ಹೊರಗೆ ಹೋಗುತ್ತಿದ್ದ. ಎದುರಾದರೆ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದ, ಮಾತಿಲ್ಲ. ನಾನೂ ಆಡಿಸಲಿಲ್ಲ.

ಗದರುವ ಮೊದಲು ಅವನು ನನಗೆ ಏನನ್ನೋ ವಿವರಿಸಲು ಯತ್ನಿಸಿದ್ದ. ಅದನ್ನು ನಾನು ಆಮೇಲೆ ಮೆಲುಕು ಹಾಕಿ ಅರಿತುಕೊಂಡೆ. ನಾವು ಶರೀಫರ ಧ್ವನಿಸುರುಳಿಗೆ ಮರುಳಾಗಿದ್ದ ಕಾಲದಲ್ಲಿಯೇ ಅಮೆರಿಕದಲ್ಲಿ ‘ಆಲ್ಟರ್ನೇಟಿವ್ ರಾಕ್’ ಎಂಬ ಸಂಗೀತವು ಜನಪ್ರಿಯವಾಯಿತಂತೆ. ದೊಡ್ಡ ಸಂಸ್ಥೆಗಳ ಥಳಕಿನ ಹಾಡುಗಳಿಗೆ ಬೇಸತ್ತ ತರುಣರ ಸಂಗೀತವದು. ಸಿಯಾಟಲ್ ನಗರದ ಸಂಗೀತವಲಯದಲ್ಲಿ ಹೆಸರಾದ ‘ನಿರ್ವಾಣ’ ಎಂಬ ತಂಡದ ‘ನೆವರ್‌ಮೈಂಡ್’ ಸಂಪುಟವು 1991ರ ಸೆಪ್ಟೆಂಬರಿನಲ್ಲಿ ಹೊರಬಂದು, 1992ರ ಜನವರಿಯಲ್ಲಿ ಮೈಕಲ್ ಜ್ಯಾಕ್ಸನ್ನರ ಸಂಪುಟವನ್ನೂ ಹಿಂದಿಕ್ಕಿ ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಅದರ ಅತ್ಯಂತ ಪ್ರಸಿದ್ಧವಾದ ಹಾಡು ನಾಲ್ಕೇ ಸ್ವರಮೇಳಗಳ ಮೇಲೆ ಸುತ್ತುತ್ತದೆ. ನುಡಿಯನ್ನು ಮೆಲ್ಲಗೆ ಹೇಳಿ, ಪಲ್ಲವಿ ಬಂದಾಗ ಎಲ್ಲ ವಾದ್ಯಗಳೂ ಒಮ್ಮೆಲೆ ಮೊಳಗುತ್ತವೆ. ಒಂದು ಸಲ ಕೇಳಿದವನು ಎರಡನೆಯ ಪಲ್ಲವಿಗೆ ತಾನೂ ಕೂಗುತ್ತಾನೆ.

ಮೆಲ್ಲಗೆ ನುಡಿ, ಗಟ್ಟಿಯಾಗಿ ಪಲ್ಲವಿ! ನಮ್ಮ ಭಜನಾ ಮೇಳದ ರೀತಿಯೂ ಇದೇ ಅಲ್ಲವೆ? ಆ ತಂಡದ ಗಾಯಕನು 1994ರಲ್ಲಿ ತನ್ನ 27ನೆಯ ವಯಸ್ಸಿನಲ್ಲಿ ತಾನಾಗಿಯೇ ಜೀವ ಕಳೆದುಕೊಂಡನೆಂಬುದು ದುಃಖದ ಸಂಗತಿ. ಒಳಗಿನ ಸಂಕಟವನ್ನು ಆತ ಹಾಡಿದ. ಅದನ್ನು ದಾಟುವ ದಾರಿ ಆತನಿಗೆ ದೊರೆಯಲಿಲ್ಲ. ಶರೀಫರು ಒಳಗಿನ ರೋಗವನ್ನು ಹೇಳುವುದರ ಜೊತೆಗೆ ಔಷಧವನ್ನೂ ಹೇಳಿದರು. ಗಿಟಾರ್ ಹಿಡಿದ ಕನ್ನಡದ ತರುಣರು ಲೋಕದ ಹಾಡುಗಳನ್ನೆಲ್ಲ ಬಿಟ್ಟು ಶರೀಫರ ಪದವನ್ನೇ ಏಕೆ ಆರಿಸಿಕೊಂಡರು ಎಂದು ನಾನು ಅಂದು ಒಂದು ಕ್ಷಣ ಯೋಚಿಸಿದ್ದರೂ ಸಾಕಾಗಿತ್ತು. ಯೋಚಿಸಲಿಲ್ಲ. ಶಾಸ್ತ್ರಿಗಳು ನನ್ನ ಎದುರು ಪ್ರಶ್ನೆಯನ್ನಾದರೂ ಕೇಳಿದ್ದರು. ನಾನು ತೀರ್ಪನ್ನೇ ಕೊಟ್ಟುಬಿಟ್ಟಿದ್ದೆ.

ಮಳೆಗಾಲದ ಒಂದು ರಾತ್ರಿ

2014ರ ಆಷಾಢದಲ್ಲಿ ನನ್ನ ತಮ್ಮನು ಲಿಂಗೈಕ್ಯನಾದನು. ಕಾಳಿ ನದಿಯ ಕಣಿವೆಯಲ್ಲಿ ಆಷಾಢದ ಮಳೆ ಎಂತಹುದೆಂಬುದು ದಾಂಡೇಲಿ, ಜೋಯಿಡಾಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಪಾರ್ಥಿವ ಶರೀರವನ್ನು ಪದ್ಧತಿಯಂತೆ ಕುಳ್ಳಿರಿಸಿ, ವಿಭೂತಿ ಧರಿಸಿ, ಹೂಮಾಲೆ ಹಾಕಿದ್ದೆವು. ರಾತ್ರಿಯ ಭಜನೆಗೆ ಹಳಿಯಾಳದ ಕಡೆಯಿಂದ ಮೇಳವೊಂದು ಬಂದಿತ್ತು. ನಾಲ್ಕೇ ಜನ, ಎಲ್ಲರೂ ಅರವತ್ತು ದಾಟಿದವರು.

ನಡುರಾತ್ರಿಯ ಹೊತ್ತಿಗೆ ಅವರು ಸೋರುವ ಮಾಳಿಗೆಯ ಪದವನ್ನು ಎತ್ತಿಕೊಂಡರು. ಅಜ್ಞಾನದಿಂದ ಮನೆಯ ಮಾಳಿಗೆ ಸೋರುತ್ತಿದೆ. ತೊಲೆ ಮುರಿದಿದೆ, ಜಂತಿಗೆ ಹುಳು ಹತ್ತಿದೆ. ಕತ್ತಲಲ್ಲಿ ಮೇಲೆ ಹತ್ತಿ ಸರಿಪಡಿಸುವವರು ಯಾರೂ ಇಲ್ಲ. ಈ ದೇಹವೆಂಬ ಮನೆಯ ಸ್ಥಿತಿಯನ್ನು ಇದಕ್ಕಿಂತ ಸರಳವಾಗಿ ಹೇಳುವುದು ಸಾಧ್ಯವಿಲ್ಲ. ಪಡಸಾಲೆಯ ಮೂಲೆಯಲ್ಲಿ ಹಂಚಿನ ಸಂದಿಯಿಂದ ನಿಜವಾಗಿಯೂ ನೀರು ತೊಟ್ಟಿಕ್ಕುತ್ತಿತ್ತು. ಮನೆಯವರು ಯಾರೋ ಅದರ ಕೆಳಗೆ ಒಂದು ತಾಮ್ರದ ಬೋಗುಣಿ ಇಟ್ಟಿದ್ದರು.

ಎರಡನೆಯ ನುಡಿಗೆ ಬಂದಾಗ ಮೇಳದ ಮುಖ್ಯ ಹಾಡುಗಾರರಿಗೆ ಕೆಮ್ಮು ಬಂದು ದನಿ ಕಟ್ಟಿತು. ಉಳಿದವರು ಪಲ್ಲವಿಯನ್ನೇ ಹಿಡಿದು ತಿರುಗಿಸುತ್ತಿದ್ದರು. ಮುಂದಿನ ನುಡಿ ಯಾರಿಗೂ ನೆನಪಾಗಲೊಲ್ಲದು. ನನಗೆ ಗೊತ್ತಿತ್ತು. ಶಾಸ್ತ್ರವನ್ನು ಓದಿದ ಈ ಬಾಯಿಗೆ ಹಾಡಲು ಆಗಲಿಲ್ಲ. ಅಷ್ಟರಲ್ಲಿ ಶವದ ಬಳಿಯೇ ಕುಳಿತಿದ್ದ ಹುಡುಗ ತಲೆ ಎತ್ತದೆಯೇ ಆ ನುಡಿಯನ್ನು ಎತ್ತಿಕೊಂಡ. ಅದರ ಮುಂದಿನದನ್ನೂ ಹೇಳಿದ. ಕಡೆಗೆ ಶಿಶುನಾಳಧೀಶನ ಅಂಕಿತದವರೆಗೆ, ಒಂದು ಅಕ್ಷರವನ್ನೂ ಬಿಡದೆ ಮುಟ್ಟಿಸಿದ. ಅವನ ಮಟ್ಟು ಭಜನೆಯದೂ ಆಗಿರಲಿಲ್ಲ, ಅಶ್ವಥ್ ಅವರದೂ ಆಗಿರಲಿಲ್ಲ. ದಮ್ಮಡಿಯವರು ತಮ್ಮ ಪೆಟ್ಟನ್ನು ಅವನ ನಡೆಗೆ ಹೊಂದಿಸಿಕೊಂಡರು.

ಬೆಳಗಿನ ಜಾವ ಅಂಗಳದ ಕಟ್ಟೆಯಲ್ಲಿ ಐದು ವರ್ಷಗಳ ನಂತರ ನಾನೇ ಮೊದಲು ಮಾತನಾಡಿಸಿದೆ. “ಇದನ್ನೆಲ್ಲ ಎಲ್ಲಿ ಕಲಿತಿ?” ಎಂದೆ.

“ನಿಮ್ಮ ಕಪಾಟಿನಾಗಿನ ಪುಸ್ತಕದಾಗ, ದೊಡ್ಡಪ್ಪಾ” ಎಂದ. “ಆ ಗುಡುಗುಡಿ ಪದ ಬಾಯಿಗೆ ಹತ್ತಿತ್ತು. ಅರ್ಥ ಗೊತ್ತಿಲ್ಲ ಅಂತ ನೀವು ಬೈದ್ರಿ. ಖರೇನ ಗೊತ್ತಿರಲಿಲ್ಲ. ನೀವು ಊರಾಗ ಇಲ್ಲದಾಗ ನಿಮ್ಮ ಮನಿಗೆ ಬಂದು ಪುಸ್ತಕ ತಗದು ಓದಿದೆ. ಹಂಗ ಉಳಿದ ಪದಾನೂ ಓದಿದೆ. ಅಪ್ಪಗ ಹಾಡಿ ತೋರಿಸತಿದ್ದೆ. ನಿಮಗ ಕೇಳಬೇಕಂದ್ರ ಧೈರ್ಯ ಆಗಲಿಲ್ಲ.”

ತಮ್ಮನು ಈ ಸಂಗತಿಯನ್ನು ನನಗೆಂದೂ ಹೇಳಿರಲಿಲ್ಲ. ಹೇಳಿದರೆ ಮಗನಿಗೆ ಮತ್ತೆ ಬೈಗುಳ ಬಿದ್ದೀತೆಂದು ಅಂಜಿದನೋ ಏನೋ. ಅವನು ಮಗನ ಬಾಯಿಂದ ಶರೀಫರ ಪದಗಳನ್ನು ಕೇಳುತ್ತ ಕಳೆದ ಸಂಜೆಗಳಲ್ಲಿ ನಾನೂ ಒಂದು ಮೂಲೆಯಲ್ಲಿ ಇರಬಹುದಾಗಿತ್ತು. ಆ ಐದು ವರ್ಷ ಮರಳಿ ಬರಲಾರವು.

ಸೆಳೆತದ ಬೆಲೆ

ಶಾಸ್ತ್ರಿಗಳ ಪ್ರಶ್ನೆ ನನಗೆ ಮತ್ತೆ ನೆನಪಾದದ್ದು ಅಂದು. ಹಾಡುವವರು ಯಾರು? ಅವರ ಪ್ರಶ್ನೆ ಹಳೆಯ ಜೀವದ ಕೊರಗಾಗಿರಲಿಲ್ಲ. ಎಲ್ಲ ಕಾಲದ ಹಾಡನ್ನೂ ಅಳೆಯಬಲ್ಲ ಕೊಳಗ ಅದು. ನಾನು 1991ರಲ್ಲಿ ಧ್ವನಿಸುರುಳಿಯ ಪರವಾಗಿ, 2009ರಲ್ಲಿ ಗಿಟಾರಿನ ವಿರುದ್ಧವ

ಾಗಿ ವಾದಿಸಿದ್ದೆ. ಎರಡು ಸಲವೂ ವಾದ್ಯವನ್ನೇ ನೋಡಿದ್ದೆ, ಕೇಳುವವನನ್ನು ನೋಡಿರಲಿಲ್ಲ. ಕೇಳಿದವನ ಬಾಯಿ ತೆರೆಯಿತೆ, ಪುಸ್ತಕದತ್ತ ಅವನ ಕೈ ಹೋಯಿತೆ, ಸಂಕಟದ ರಾತ್ರಿಯಲ್ಲಿ ಆ ಪದ ಅವನಿಗೆ ಒದಗಿತೆ ಎಂಬುದನ್ನಷ್ಟೇ ನೋಡಬೇಕು. ಒದಗಿದ್ದರೆ ಏಕತಾರಿಯೂ ಸರಿ, ಗಿಟಾರೂ ಸರಿ. ಒದಗದಿದ್ದರೆ ಏಕತಾರಿಯೂ ಕಟ್ಟಿಗೆಯೇ.

ನಮ್ಮ ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಜನರ ದಮಾಮಿಯನ್ನು ಕಂಡವರಿಗೆ ಈ ಮಾತು ಬೇಗ ಮನಗಾಣುತ್ತದೆ. ದಮಾಮಿಯ ಸುತ್ತ ನೆರೆದವರಲ್ಲಿ ಕೇಳುಗರೆಂಬ ಬೇರೆ ಪಂಗಡ ಹೆಚ್ಚು ಹೊತ್ತು ಉಳಿಯುವುದಿಲ್ಲ. ನೋಡಲು ಬಂದವರ ಕಾಲೂ ನೆಲ ಬಡಿಯತೊಡಗುತ್ತದೆ. ಸೆಳೆತವೆಂದರೆ ಅದು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರು ‘ಕನ್ನಡವೇ ಸತ್ಯ’ ಎಂಬ ಕಾರ್ಯಕ್ರಮವನ್ನು ನಡೆಸಿದಾಗ ಅಲ್ಲಿ ಸೇರಿದ ಜನಸಾಗರವೂ ಬರಿಯ ಕೇಳುಗರಾಗಿ ಉಳಿಯಲಿಲ್ಲ.

ನಮ್ಮ ಧರ್ಮಗುರುಗಳಾದ ಬಸವಣ್ಣನವರು ಈ ವಿಷಯದಲ್ಲಿ ಎರಡು ಮಾತು ಹೇಳಿದ್ದಾರೆ. ತಾಳ, ಲಯ, ಗಣಗಳ ಲೆಕ್ಕವನ್ನು ತಾವು ಅರಿಯೆವೆಂದೂ, ಒಲಿದಂತೆ ಹಾಡುವೆವೆಂದೂ ಒಂದು ವಚನದಲ್ಲಿ ನಿವೇದಿಸಿಕೊಂಡರು. ಒಲವಿನಿಂದ ಹಾಡುವವನಿಗೆ ಯಾರ ಅಪ್ಪಣೆಯೂ ಬೇಡವೆಂಬ ಅಭಯ ಅಲ್ಲಿದೆ. ಇನ್ನೊಂದು ವಚನದಲ್ಲಿ ತಮ್ಮ ದೇಹವನ್ನೇ ವಾದ್ಯದ ದಂಡಿಗೆಯನ್ನಾಗಿ, ಶಿರವನ್ನೇ ಸೋರೆಯನ್ನಾಗಿ, ನರಗಳನ್ನೇ ತಂತಿಯನ್ನಾಗಿ ಮಾಡಿ ನುಡಿಸೆಂದು ದೇವನನ್ನು ಬೇಡಿಕೊಂಡರು. ಏಳು ಶತಮಾನಗಳ ಬಳಿಕ ಶರೀಫರೂ ತಂಬೂರಿಯ ಪದವೊಂದನ್ನು ಹಾಡಿದರು. ನುಡಿಸಲು ಬಾರದವನು ಅದನ್ನು ಕೆಳಗಿಡಲಿ ಎಂದು ಎಚ್ಚರಿಸಿದರು. ಅವರ ತಂಬೂರಿಯೂ ಈ ದೇಹವೇ.

ಅಭಯವೂ ಎಚ್ಚರಿಕೆಯೂ ಕೂಡಿ ನಡೆಯಬೇಕು. ಒಲಿದಂತೆ ಹಾಡುವ ಅಭಯವನ್ನು ಮಕ್ಕಳಿಗೆ ಕೊಡದೆ, ಬಾರದವನು ಕೆಳಗಿಡಲಿ ಎಂಬ ಎಚ್ಚರಿಕೆಯನ್ನಷ್ಟೇ ನಾನು ಕೊಟ್ಟೆ. ಅದೂ ನನ್ನ ತಂಬೂರಿಯನ್ನು ಶ್ರುತಿ ಮಾಡಿಕೊಳ್ಳದೆ ಕೊಟ್ಟೆ.

ಹಾಗೆಂದು ಹೊಸ ರೀತಿಯಲ್ಲಿ ನಷ್ಟವೇ ಇಲ್ಲವೆಂದು ಹೇಳಲಾರೆ. ವಾದ್ಯಗಳ ಮೊಳಗಿನಲ್ಲಿ ಮಾತು ಮುಳುಗುವುದುಂಟು. ಅಂಕಿತದ ಗಾಂಭೀರ್ಯ ಕುಣಿತದಲ್ಲಿ ಕಳೆದುಹೋಗುವುದುಂಟು. ಗುಡುಗುಡಿಯನ್ನು ಹೊಗೆಯ ಹಾಡೆಂದೇ ತಿಳಿದವರೂ ಇದ್ದಾರೆ. ಆದರೆ ಆ ನಷ್ಟವನ್ನು ತುಂಬಬೇಕಾದವರು ಹಾಡುಗಾರರಲ್ಲ, ಮನೆಯ ಹಿರಿಯರು. ಮಟ್ಟು ಮಗುವನ್ನು ಹೊಸ್ತಿಲವರೆಗೆ ಕರೆತರುತ್ತದೆ. ಕೈ ಹಿಡಿದು ಒಳಗೆ ಕರೆದೊಯ್ಯಬೇಕಾದವರು ಬಾಗಿಲು ಹಾಕಿಕೊಂಡರೆ ತಪ್ಪು ಯಾರದು?

ಆದ್ದರಿಂದ ತಾಯಿತಂದೆಗಳಲ್ಲಿ, ಅಜ್ಜ ಅಜ್ಜಿಯರಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳು ಕೇಳುವ ಹಾಡನ್ನು ನಿಲ್ಲಿಸುವ ಮೊದಲು ಅದನ್ನು ಪೂರ್ತಿ ಕೇಳಿರಿ. ಅದರಲ್ಲಿ ವಚನವೋ ತತ್ತ್ವಪದವೋ ಇದ್ದರೆ, “ಇದರ ಮುಂದಿನ ನುಡಿ ಗೊತ್ತೇ?” ಎಂದು ಕೇಳಿರಿ. ಗೊತ್ತಿಲ್ಲದಿದ್ದರೆ ಕೂಡಿ ಹುಡುಕಿರಿ. ಪುಸ್ತಕದ ಕಪಾಟಿಗೆ ಬೀಗ ಹಾಕಬೇಡಿರಿ. ಸೋಮವಾರದ ಸಂಜೆ ದೂರದರ್ಶನವನ್ನೂ ಮೊಬೈಲನ್ನೂ ಅರ್ಧ ತಾಸು ಬದಿಗಿಟ್ಟು ಒಂದೇ ಒಂದು ಪದವನ್ನು ಮನೆಯವರೆಲ್ಲ ಹಾಡಿರಿ. ಕಂಠ ಚೆನ್ನಾಗಿಲ್ಲವೆಂದು ಯಾರೂ ನಾಚಬೇಕಾಗಿಲ್ಲ. ಊರಿನ ಗುಡಿಯಲ್ಲಿ ಗೋಡೆಗೆ ನೇತುಬಿದ್ದ ದಮ್ಮಡಿಯಿದ್ದರೆ ಅದನ್ನು ಕೆಳಗಿಳಿಸಿ ಧೂಳು ಕೊಡವಿರಿ. ಅದು ಮತ್ತೆ ಕೆಳಗಿಳಿಯದೆಂದು ಶಾಸ್ತ್ರಿಗಳು ಹೇಳಿದ ಆ ಒಂದು ಮಾತನ್ನು ಮಾತ್ರ ನಾವು ಸುಳ್ಳು ಮಾಡಬೇಕು.

ನನ್ನ ತಮ್ಮನ ಪುಣ್ಯಸ್ಮರಣೆಗೆ ಆ ಹುಡುಗ ಪ್ರತಿ ಆಷಾಢದಲ್ಲಿ ಬೆಂಗಳೂರಿನಿಂದ ದಾಂಡೇಲಿಗೆ ಬರುತ್ತಾನೆ, ಗಿಟಾರನ್ನು ಬೆನ್ನಿಗೆ ಹಾಕಿಕೊಂಡು. ಹಂಚು ಸರಿಪಡಿಸಿದ ಅದೇ ಪಡಸಾಲೆಯಲ್ಲಿ ನಾವು ಕೂಡುತ್ತೇವೆ. ಅವನು ನುಡಿ ಹೇಳುತ್ತಾನೆ. ನಾನು ತಾಳ ಹಿಡಿಯುತ್ತೇನೆ. ಬಹಳ ಸಲ ನನ್ನ ತಾಳ ತಪ್ಪುತ್ತದೆ. ಅವನು ಗದರುವುದಿಲ್ಲ, ಗಿಟಾರಿನ ಮೇಲೆ ಕೈಯಿಟ್ಟು, ನಾನು ಸರಿಹೋಗುವವರೆಗೆ ಕಾಯುತ್ತಾನೆ.